ಕೀಟಗಳ ಉಸಿರಾಟ: ಎಣ್ಣೆಯ ಒಂದು ಪ್ರಯೋಗ

ಎಣ್ಣೆ ಸವರಿದರೆ ಕೀಟಗಳು ಸಾಯುವುವೆಂಬುದನ್ನು ಅರಿಸ್ಟಾಟಲನು ಬಲ್ಲನು. ತಲೆಗೆ ಸವರಿದರೆ ಇನ್ನೂ ಬೇಗ ಸಾಯುವುವೆಂದು ತನ್ನ ಪ್ರಾಣಿಚರಿತ್ರೆಯಲ್ಲಿ ಬರೆದೂ ಇದ್ದಾನೆ. ಆದರೂ ಕೀಟಗಳು ಉಸಿರಾಡುವುದಿಲ್ಲವೆಂದೇ ಅವನ ಸಿದ್ಧಾಂತ. ಶ್ವಾಸಕೋಶವಿಲ್ಲದ ಪ್ರಾಣಿಗೆ ಶ್ವಾಸವೆಲ್ಲಿಯದು? ಸಾಕ್ಷ್ಯವು ಕೈಯಲ್ಲಿದ್ದೂ ಪ್ರಶ್ನೆ ಹುಟ್ಟದೆ ಹೋದ ಈ ಪ್ರಸಂಗವು ಇತಿಹಾಸದ ವಿದ್ಯಾರ್ಥಿಗಳಿಗೆ ಲಕ್ಷ್ಯಾರ್ಹವೆಂದು ನಾವು ಭಾವಿಸುತ್ತೇವೆ.

ಪ್ರಶ್ನೆಯನ್ನು ಎತ್ತಿದವನು ಬೊಲೋನ್ಯದ ವೈದ್ಯ ಮಾರ್ಚೆಲ್ಲೋ ಮಾಲ್ಪೀಗಿ. ಲಂಡನ್ನಿನ ರಾಯಲ್ ಸೊಸೈಟಿಯು 1669ರಲ್ಲಿ ಹೊರತಂದ ಅವನ ರೇಷ್ಮೆಹುಳುವಿನ ಗ್ರಂಥದಲ್ಲಿ ಪಕ್ಕೆಯ ರಂಧ್ರಗಳೂ, ಅವುಗಳಿಂದ ಹೊರಟು ಒಡಲೆಲ್ಲ ಕವಲೊಡೆಯುವ ನಾಳಗಳೂ ಸೂಕ್ಷ್ಮದರ್ಶಕದ ನೆರವಿನಿಂದ ವರ್ಣಿತವಾಗಿವೆ. ಅವನೂ ಎಣ್ಣೆಯನ್ನೇ ಹಿಡಿದನು. ಆದರೆ ಸವರಿದ್ದು ರಂಧ್ರಗಳಿಗೆ. ಹುಳು ಬೇಗನೆ ಸತ್ತಿತು. ರಂಧ್ರಗಳನ್ನು ಬಿಟ್ಟು ತಲೆಗೂ ಬಾಯಿಗೂ ಸವರಿದಾಗ ಬದುಕಿತು. ವ್ಯತ್ಯಾಸವೆಲ್ಲ ಎಣ್ಣೆ ಬಿದ್ದ ಜಾಗದಲ್ಲಿತ್ತು!

ಹೀಗೆ ಒಳಹೊಕ್ಕ ಗಾಳಿಯು ರಕ್ತದ ಹಂಗಿಲ್ಲದೆ ನೇರವಾಗಿ ಅಂಗಾಂಶಗಳನ್ನು ಮುಟ್ಟುತ್ತದೆ. ಅದನ್ನು ನೂಕುವ ಶಕ್ತಿ ಯಾವುದು? ಡೆನ್ಮಾರ್ಕಿನ ಆಗಸ್ಟ್ ಕ್ರೋಗನು ಮರಿಹುಳುಗಳ ನಾಳಗಳನ್ನು ಅಳೆದು, ಬರಿಯ ವಿಸರಣದಿಂದಲೇ ಸಾಕಷ್ಟು ಆಮ್ಲಜನಕವು ತಲಪಬಲ್ಲುದೆಂದು 1920ರಲ್ಲಿ ಗಣಿಸಿ ತೋರಿಸಿದನು. ಎಲ್ಲ ಕೀಟಗಳಿಗೂ ಈ ಗಣಿತವು ಸಾಲದು. 2003ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದ ಕ್ಷ-ಕಿರಣ ಚಿತ್ರಗಳಲ್ಲಿ ಜೀರುಂಡೆಯ ನಾಳಗಳು ಲಯಬದ್ಧವಾಗಿ ಕುಗ್ಗಿ ಹಿಗ್ಗುತ್ತಿದ್ದುವು.