ದಸ್ತಾವೇಜು ನಿಯಂತ್ರಣ

ಕೆಲಸಕ್ಕೆ ಆಧಾರವಾದ ನಕ್ಷೆ, ವಿಧಾನಪತ್ರ, ನಮೂನೆಗಳನ್ನು ಪರಿಶೀಲಿಸಿ ಒಪ್ಪಿಗೆ ಕೊಟ್ಟು, ಪರಿಷ್ಕರಣೆಯ ಸಂಖ್ಯೆ ಹಾಕಿ ಹಂಚುವ, ಹಳೆಯ ಪ್ರತಿಗಳನ್ನು ಹಿಂದಕ್ಕೆ ಪಡೆಯುವ ವ್ಯವಸ್ಥೆ. ಗುಣಮಟ್ಟದ ಪ್ರಮಾಣಪತ್ರ ಬಯಸುವ ಸಂಸ್ಥೆ ಮೊದಲು ಕಟ್ಟಿಕೊಳ್ಳಬೇಕಾದದ್ದು ಇದನ್ನೇ. ಕಾರ್ಖಾನೆಗಳ ಬಳಕೆಯ ಮಾತಿನಲ್ಲಿ 'ಡಾಕ್ಯುಮೆಂಟ್ ಕಂಟ್ರೋಲ್'. ದಸ್ತಾವೇಜು ಏನು ಮಾಡಬೇಕೆಂದು ಹೇಳುತ್ತದೆ, ಅದನ್ನು ತಿದ್ದಬಹುದು. ದಾಖಲೆ ಏನಾಯಿತೆಂದು ಹೇಳುತ್ತದೆ, ಅದನ್ನು ತಿದ್ದಕೂಡದು.

ಇದರ ಬೇರು ಇರುವುದು ನಕಲಿನಲ್ಲಿ. ನಕ್ಷೆ ಒಂದೇ ಇದ್ದಾಗ ಅದನ್ನು ತಿದ್ದಿದರೆ ಮುಗಿಯಿತು. 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ಸಯನೋಟೈಪ್ ವಿಧಾನ ಆ ಶತಮಾನದ ಕೊನೆಯ ದಶಕಗಳಲ್ಲಿ ಬ್ಲೂಪ್ರಿಂಟ್ ಆಗಿ ಕಾರ್ಖಾನೆಗಳಿಗೆ ಬಂದಾಗ ಮೂಲ ಒಂದು, ಪ್ರತಿ ಹತ್ತಾರು ಎಂಬಂತಾಯಿತು. ಮೂಲ ಬದಲಾದರೂ ಲೇತ್ ಪಕ್ಕದ ಗೋಡೆಗೆ ಅಂಟಿಸಿದ ನೀಲಿ ಹಾಳೆ ತಾನಾಗಿ ಬದಲಾಗದು. ನಕ್ಷೆಯ ಅಂಚಿನ ಪುಟ್ಟ ಚೌಕದಲ್ಲಿ ಪರಿಷ್ಕರಣೆಯ ಅಕ್ಷರ, ತಾರೀಕು, ಸಹಿ ಕಾಣುವುದು ಈ ಕಾರಣಕ್ಕೆ.

ಅಮೆರಿಕದ ಸೇನೆ 1959ರಲ್ಲಿ ಹೊರಡಿಸಿ 1963ರಲ್ಲಿ ಪರಿಷ್ಕರಿಸಿದ ಮಿಲ್-ಕ್ಯು-9858 ಎಂಬ ನಿಯಮಪತ್ರ ಈ ನಿಯಂತ್ರಣವನ್ನು ಗುತ್ತಿಗೆಯ ಕರಾರಾಗಿಸಿತು. ರದ್ದಾದ ನಕ್ಷೆಗಳು ಬಳಕೆಯ ಜಾಗದಲ್ಲಿ ಉಳಿಯಬಾರದು ಎಂಬುದು ಅದರ ಕಟ್ಟಪ್ಪಣೆಯಾಗಿತ್ತು.

ತಿದ್ದುಪಡಿ ತಲುಪಬೇಕಾದಲ್ಲಿಗೆ ತಲುಪದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಚಂದ್ರನೌಕೆ ಅಪೊಲೊ 13ಕ್ಕಿಂತ ದೊಡ್ಡ ಪಾಠವಿಲ್ಲ. ಆಮ್ಲಜನಕ ತೊಟ್ಟಿಯ ಹೀಟರ್ ಮೊದಲು 28 ವೋಲ್ಟಿಗೆಂದು ನಿಗದಿಯಾಗಿತ್ತು. 1965ರಲ್ಲಿ ನಿಯಮಪತ್ರ ತಿದ್ದಿ, ಉಡಾವಣಾ ಕೇಂದ್ರದ 65 ವೋಲ್ಟಿಗೂ ಅದು ತಾಳಬೇಕೆಂದರು. ಥರ್ಮೋಸ್ಟ್ಯಾಟಿನ ಸ್ವಿಚ್ ಮಾತ್ರ 28 ವೋಲ್ಟಿನದೇ ಉಳಿಯಿತು. ಮುಂದಿನ ಯಾವ ಪರಿಶೀಲನೆಯಲ್ಲೂ ಅದು ಕಣ್ಣಿಗೆ ಬೀಳಲಿಲ್ಲ. 1970ರ ಮಾರ್ಚಿನಲ್ಲಿ ತೊಟ್ಟಿ ಖಾಲಿ ಮಾಡುವಾಗ ಸ್ವಿಚ್ಚಿನ ತುದಿಗಳು ಬೆಸೆದುಕೊಂಡವು, ಹೀಟರ್ ಗಂಟೆಗಟ್ಟಲೆ ಉರಿದು ತಂತಿಯ ಹೊದಿಕೆ ಸುಟ್ಟಿತು. ಏಪ್ರಿಲ್ 13ರಂದು ಚಂದ್ರನ ದಾರಿಯಲ್ಲಿ ತೊಟ್ಟಿ ಸಿಡಿಯಿತು.

ಸೇನೆಯ ಆಚೆಗೆ, ಬ್ರಿಟನ್ 1979ರಲ್ಲಿ ಬಿಎಸ್ 5750 ಎಂಬ ಗುಣಮಟ್ಟದ ಮಾನಕ ತಂದಿತು; 1987ರಲ್ಲಿ ಅಂತರರಾಷ್ಟ್ರೀಯ ಮಾನಕಗಳ ಐಎಸ್‌ಒ 9000 ಸರಣಿ ಬಂತು. ಭಾರತ ಅದನ್ನು ಐಎಸ್ 14000 ಎಂದು ಅಳವಡಿಸಿಕೊಂಡಿತು, ಭಾರತೀಯ ಮಾನಕ ಬ್ಯೂರೋ 1991ರಲ್ಲಿ ಪ್ರಮಾಣೀಕರಣ ಆರಂಭಿಸಿತು. 2000ದ ಪರಿಷ್ಕರಣೆ ಬರಹದಲ್ಲಿ ಇರಲೇಬೇಕೆಂದ ಆರು ಕಾರ್ಯವಿಧಾನಗಳಲ್ಲಿ ಮೊದಲನೆಯದು ದಸ್ತಾವೇಜು ನಿಯಂತ್ರಣ. 2015ರ ಆವೃತ್ತಿ ಗುಣಮಟ್ಟ ಕೈಪಿಡಿಯ ಕಡ್ಡಾಯವನ್ನು ಕೈಬಿಟ್ಟು, ದಸ್ತಾವೇಜು ಮತ್ತು ದಾಖಲೆ ಎರಡನ್ನೂ ಒಂದೇ ಹೆಸರಿನಡಿ ತಂದಿತು. ಕಪಾಟು ತುಂಬ ಫೈಲು ಪೇರಿಸುವ ಚಾಳಿಗೆ ಇದರಿಂದ ಕಡಿವಾಣ ಬಿದ್ದದ್ದು ಒಳ್ಳೆಯದೇ ಆಯಿತು.

ವ್ಯವಸ್ಥೆ ಕಟ್ಟುವ ಕೆಲಸ ಶುರುವಾಗುವುದು ಹುಡುಕಾಟದಿಂದ. ಡ್ರಾಯರು, ಗೋಡೆ, ಟೂಲ್‌ಬಾಕ್ಸುಗಳಿಂದ ಹಾಳೆಗಳನ್ನೆಲ್ಲ ಒಟ್ಟುಮಾಡಿ ಮಾಸ್ಟರ್ ಲಿಸ್ಟಿಗೆ ಏರಿಸಬೇಕು: ಯಾವ ಸಂಖ್ಯೆ, ಎಷ್ಟನೆಯ ಪರಿಷ್ಕರಣೆ, ಪ್ರತಿ ಯಾರ ಬಳಿ. ಆಗ ಎಣ್ಣೆಗೈಯಿಂದ ಕಪ್ಪಾದ ನಕ್ಷೆಯೊಂದರಲ್ಲಿ ಪೆನ್ಸಿಲಿನಿಂದ ತಿದ್ದಿದ ಅಳತೆ ಸಿಗುತ್ತದೆ. ಅದನ್ನು ಹರಿದು ಎಸೆಯುವುದು ದೊಡ್ಡ ತಪ್ಪು. ಎಷ್ಟೋ ಸಲ ಆ ಪೆನ್ಸಿಲ್ ಗುರುತೇ ಸರಿಯಾದ ಅಳತೆ, ವರ್ಷಗಟ್ಟಲೆ ಯಂತ್ರದ ಮುಂದೆ ನಿಂತವರ ತಿಳಿವಳಿಕೆ. ಅದನ್ನು ಪರೀಕ್ಷಿಸಿ, ಒಪ್ಪಿ, ಮುಂದಿನ ಪರಿಷ್ಕರಣೆಗೆ ಸೇರಿಸಿದ ಮೇಲೆಯೇ ಹಳೆಯ ಹಾಳೆಗೆ 'ರದ್ದು' ಎಂಬ ಕೆಂಪು ಮೊಹರು ಒತ್ತಬೇಕು.

ಈಗ ಮೂಲಪ್ರತಿ ಸರ್ವರಿನಲ್ಲಿದೆ. ಆದರೂ ಹೋದ ವರ್ಷ ಫೋನಿಗೆ ಇಳಿಸಿಕೊಂಡ ನಕ್ಷೆಯನ್ನು ನೋಡಿ ಇಂದಿನ ಬಿಡಿಭಾಗ ಕಡೆಯುವವರಿದ್ದಾರೆ.