ವ್ಯಾಯಾಮಶಾಲೆಯಲ್ಲಿ ಆದ ಗಾಯದ ನಂತರ ಮುಂದುವರಿಯುವ ಬೆನ್ನಿನ ಮೇಲ್ಭಾಗದ ನೋವು: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ವ್ಯಾಯಾಮಶಾಲೆಗಳಲ್ಲಿ (ಜಿಮ್) ಭಾರ ಎತ್ತುವಾಗ ಬೆನ್ನಿನ ಮೇಲ್ಭಾಗಕ್ಕೆ ಪೆಟ್ಟಾಗುವುದು ಸಾಮಾನ್ಯ. ಬಹುತೇಕ ಪ್ರಕರಣಗಳಲ್ಲಿ ಈ ನೋವು ಕೆಲವೇ ವಾರಗಳಲ್ಲಿ ತಾನಾಗಿಯೇ ಕಡಿಮೆಯಾಗುತ್ತದೆ. ಕೆಲವರಲ್ಲಿ ಮಾತ್ರ ತಿಂಗಳುಗಟ್ಟಲೆ ಉಳಿಯುತ್ತದೆ. ಇಂತಹ ಸಂದರ್ಭದಲ್ಲಿ ಸಾರ್ವಜನಿಕರು ಎರಡು ಬಗೆಯಲ್ಲಿ ನಷ್ಟ ಅನುಭವಿಸುತ್ತಾರೆ. ಒಂದು, ಭಯದಿಂದ ಚಲನೆಯನ್ನೇ ನಿಲ್ಲಿಸಿ, ಅಗತ್ಯವಿಲ್ಲದ ಸ್ಕ್ಯಾನ್ ಹಾಗೂ ಮಾಲೀಶುಗಳಿಗೆ ಹಣ ವ್ಯಯಿಸುವುದು. ಎರಡು, "ಜಿಮ್‌ನ ನೋವು" ಎಂದು ತಾವೇ ನಿರ್ಧರಿಸಿ, ಗಂಭೀರ ಕಾಯಿಲೆಯ ಲಕ್ಷಣಗಳನ್ನು ಕಡೆಗಣಿಸುವುದು. ಇವೆರಡನ್ನೂ ತಪ್ಪಿಸುವ ಸಲುವಾಗಿ ಈ ಮಾಹಿತಿಯನ್ನು ಒದಗಿಸಲಾಗಿದೆ.

2. ನೋವಿನ ಸ್ವರೂಪ ಮತ್ತು ಕಾರಣಗಳು

ಕುತ್ತಿಗೆಯ ಬುಡದಿಂದ ಪಕ್ಕೆಲುಬುಗಳ ಕೆಳ ಅಂಚಿನವರೆಗಿನ ಬೆನ್ನಿನ ಭಾಗದಲ್ಲಿ 12 ಕಶೇರುಗಳಿದ್ದು, ಇವುಗಳಿಗೆ 12 ಜೊತೆ ಪಕ್ಕೆಲುಬುಗಳು ಜೋಡಣೆಗೊಂಡಿವೆ. ಪಕ್ಕೆಲುಬುಗಳ ಆಸರೆ ಇರುವುದರಿಂದ ಈ ಭಾಗದಲ್ಲಿ ಡಿಸ್ಕ್ ಜಾರುವುದು ಸೊಂಟದ ಭಾಗಕ್ಕೆ ಹೋಲಿಸಿದಲ್ಲಿ ಬಹಳ ಅಪರೂಪ. ಗಾಯದ ನಂತರದ ನೋವಿಗೆ ಸಾಮಾನ್ಯವಾಗಿ ಕೆಳಕಂಡ ಕಾರಣಗಳಿರುತ್ತವೆ:

ಅ) ಹೆಗಲ ಹಲಗೆ ಮೂಳೆಗಳ ನಡುವಿನ ಮತ್ತು ಕುತ್ತಿಗೆಯಿಂದ ಹೆಗಲಿಗೆ ಇಳಿಯುವ ಸ್ನಾಯುಗಳ ಉಳುಕು. ಬೆನ್ನು ಬಾಗಿಸಿ ಡೆಡ್‌ಲಿಫ್ಟ್ ಮಾಡುವುದು, ಶಕ್ತಿ ಮೀರಿದ ಭಾರವನ್ನು ಜಗ್ಗಿ ಎತ್ತುವುದು ಇದಕ್ಕೆ ಮುಖ್ಯ ಕಾರಣ.
ಆ) ಪಕ್ಕೆಲುಬು ಮತ್ತು ಕಶೇರು ಕೂಡುವ ಸಣ್ಣ ಕೀಲುಗಳ ಊತ. ದೀರ್ಘವಾಗಿ ಉಸಿರೆಳೆದಾಗ ಅಥವಾ ಮೈ ತಿರುಗಿಸಿದಾಗ ಒಂದೇ ಕಡೆ ಚುಚ್ಚಿದಂತಾಗುವುದು ಇದರ ಲಕ್ಷಣ.
ಇ) ಕುತ್ತಿಗೆಯ ಡಿಸ್ಕ್ ಅಥವಾ ನರದ ತೊಂದರೆ. ನೋವು ಹೆಗಲ ಹಲಗೆಗಳ ನಡುವೆ ಕಾಣಿಸಿಕೊಂಡರೂ ಅದರ ಮೂಲ ಕುತ್ತಿಗೆಯಲ್ಲಿರಬಹುದು. ಕೈಗೆ ಜೋಮು ಹಿಡಿಯುವುದು ಅಥವಾ ಹಿಡಿತ ಸಡಿಲವಾಗುವುದು ಇದನ್ನು ಸೂಚಿಸುತ್ತದೆ.

ನೋವು 6 ವಾರಗಳೊಳಗೆ ಇದ್ದಲ್ಲಿ ತೀವ್ರ ನೋವು ಎಂದೂ, 12 ವಾರಗಳನ್ನು ಮೀರಿದಲ್ಲಿ ದೀರ್ಘಕಾಲಿಕ ನೋವು ಎಂದೂ ವೈದ್ಯರು ವರ್ಗೀಕರಿಸುತ್ತಾರೆ. ದೀರ್ಘಕಾಲ ಉಳಿದ ನೋವೆಂದರೆ ಗಾಯ ಇನ್ನೂ ಮಾಗಿಲ್ಲವೆಂದೇ ಅರ್ಥವಲ್ಲ. ಗಾಯ ಮಾಗಿದ ಮೇಲೂ ಸ್ನಾಯುಗಳ ದುರ್ಬಲತೆ, ಗಂಟೆಗಟ್ಟಲೆ ಬಾಗಿ ಕುಳಿತು ಮಾಡುವ ಕೆಲಸ, ನಿದ್ರೆಯ ಕೊರತೆ ಹಾಗೂ ಮತ್ತೆ ಪೆಟ್ಟಾದೀತೆಂಬ ಅಂಜಿಕೆಯಿಂದ ನೋವು ಮುಂದುವರಿಯಬಹುದು.

3. ತಡಮಾಡದೆ ವೈದ್ಯರನ್ನು ಕಾಣಬೇಕಾದ ಲಕ್ಷಣಗಳು

ಕೆಳಕಂಡವುಗಳಲ್ಲಿ ಯಾವುದೇ ಒಂದು ಲಕ್ಷಣ ಕಂಡುಬಂದಲ್ಲಿ ಕೂಡಲೇ 108 ಸಂಖ್ಯೆಗೆ ಕರೆ ಮಾಡತಕ್ಕದ್ದು ಅಥವಾ ತುರ್ತು ಚಿಕಿತ್ಸಾ ವಿಭಾಗಕ್ಕೆ ತೆರಳತಕ್ಕದ್ದು:

• ಎದೆ ಬಿಗಿತ, ಬೆವರು, ಉಸಿರಾಟದ ತೊಂದರೆ, ಅಥವಾ ದವಡೆ ಇಲ್ಲವೇ ತೋಳಿಗೆ ಹರಡುವ ನೋವು
• ಹೆಗಲ ಹಲಗೆಗಳ ನಡುವೆ ಹಠಾತ್ತನೆ ಸೀಳಿದಂತೆ ಬರುವ ಅತಿ ತೀವ್ರ ನೋವು
• ಕಾಲುಗಳಲ್ಲಿ ಬಲಹೀನತೆ, ನಡಿಗೆಯಲ್ಲಿ ತೂರಾಟ
• ಮೂತ್ರ ಅಥವಾ ಮಲ ವಿಸರ್ಜನೆಯ ಮೇಲೆ ಹತೋಟಿ ತಪ್ಪುವುದು, ತೊಡೆಸಂದಿಯ ಭಾಗದಲ್ಲಿ ಸ್ಪರ್ಶ ತಿಳಿಯದಿರುವುದು
• ಭಾರ ಮೈಮೇಲೆ ಬಿದ್ದ ನಂತರ ಅಥವಾ ಎತ್ತರದಿಂದ ಬಿದ್ದ ನಂತರ ಬೆನ್ನುಮೂಳೆಯ ಮೇಲೆಯೇ ನೋವು

ಕೆಳಕಂಡ ಲಕ್ಷಣಗಳಿದ್ದಲ್ಲಿ 6 ವಾರಗಳವರೆಗೆ ಕಾಯದೆ ಅದೇ ವಾರದಲ್ಲಿ ವೈದ್ಯರನ್ನು ಕಾಣತಕ್ಕದ್ದು:

• ಸಂಜೆಯ ಜ್ವರ, ರಾತ್ರಿ ಬೆವರುವುದು, ಕಾರಣವಿಲ್ಲದೆ ತೂಕ ಇಳಿಯುವುದು
• ವಿಶ್ರಾಂತಿಯಿಂದಲೂ ಕಡಿಮೆಯಾಗದ, ರಾತ್ರಿ ನಿದ್ರೆ ಕೆಡಿಸುವ ನೋವು
• ಹಿಂದೆ ಕ್ಯಾನ್ಸರ್ ಅಥವಾ ಕ್ಷಯರೋಗ ಇದ್ದವರು, ಬಹುಕಾಲ ಸ್ಟೆರಾಯ್ಡ್ ಮಾತ್ರೆ ಸೇವಿಸಿದವರು

ಕ್ಷಯರೋಗವು ಶ್ವಾಸಕೋಶವನ್ನಷ್ಟೇ ಅಲ್ಲದೆ ಬೆನ್ನುಮೂಳೆಯನ್ನೂ ಬಾಧಿಸಬಲ್ಲದು. ಎದೆಯ ಹಿಂಭಾಗದ ಕಶೇರುಗಳು ಇದಕ್ಕೆ ಹೆಚ್ಚಾಗಿ ತುತ್ತಾಗುವ ಭಾಗಗಳಲ್ಲೊಂದು. ಯುವಕರಲ್ಲಿಯೂ ಇದು ಕಂಡುಬರುವುದರಿಂದ, ವ್ಯಾಯಾಮದ ಸಮಯದಲ್ಲಿ ನೋವು ಪ್ರಾರಂಭವಾಯಿತೆಂಬ ಒಂದೇ ಕಾರಣಕ್ಕೆ ಇದನ್ನು ತಳ್ಳಿಹಾಕುವಂತಿಲ್ಲ. ಚಿಕಿತ್ಸೆ ತಡವಾದಲ್ಲಿ ಕಾಲುಗಳ ಸ್ವಾಧೀನ ತಪ್ಪುವ ಸಂಭವವಿದೆ. ಸಕಾಲದಲ್ಲಿ ಪತ್ತೆಯಾದಲ್ಲಿ ಔಷಧಿಯಿಂದ ಗುಣವಾಗುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಷಯರೋಗದ ಪರೀಕ್ಷೆ ಮತ್ತು ಔಷಧಿ ಉಚಿತ.

4. ಮನೆಯಲ್ಲಿ ಪಾಲಿಸಬೇಕಾದ ಕ್ರಮಗಳು

ಮೇಲ್ಕಂಡ ಲಕ್ಷಣಗಳಿಲ್ಲದವರು ಕೆಳಕಂಡ ಕ್ರಮಗಳನ್ನು ಅನುಸರಿಸಬಹುದು:

ಅ) ಒಂದೆರಡು ದಿನಗಳಿಗಿಂತ ಹೆಚ್ಚು ಕಾಲ ಹಾಸಿಗೆ ಹಿಡಿಯಬಾರದು. ನಡಿಗೆ ಹಾಗೂ ದಿನನಿತ್ಯದ ಹಗುರ ಕೆಲಸಗಳನ್ನು ಮುಂದುವರಿಸುವುದು.
ಆ) ಮೊದಲ ಎರಡು ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15 ರಿಂದ 20 ನಿಮಿಷ ಇಡಬಹುದು. ಅನಂತರ ಬಿಸಿನೀರಿನ ಶಾಖ ಹಿತವೆನಿಸಿದಲ್ಲಿ ನೀಡಬಹುದು.
ಇ) ನೋವು ನಿವಾರಕ ಮಾತ್ರೆಗಳನ್ನು ವೈದ್ಯರ ಸಲಹೆಯಂತೆ ಅಲ್ಪಾವಧಿಗೆ ಮಾತ್ರ ಸೇವಿಸುವುದು. ಹೊಟ್ಟೆ ಹುಣ್ಣು, ಮೂತ್ರಪಿಂಡದ ತೊಂದರೆ, ಹೃದ್ರೋಗ ಅಥವಾ ರಕ್ತದೊತ್ತಡ ಇರುವವರು ಐಬುಪ್ರೊಫೆನ್, ಡೈಕ್ಲೊಫೆನಾಕ್ ಮುಂತಾದವುಗಳನ್ನು ಔಷಧಿ ಅಂಗಡಿಯಿಂದ ತಾವೇ ಖರೀದಿಸಿ ಸೇವಿಸಬಾರದು.
ಈ) ಬೆನ್ನುಮೂಳೆಯನ್ನು ಎಳೆದು ಅಥವಾ ತಿರುಚಿ "ನೆಟಿಗೆ" ತೆಗೆಸುವುದನ್ನು ವೈದ್ಯರ ಪರೀಕ್ಷೆಗೆ ಮುನ್ನ ಮಾಡಿಸತಕ್ಕದ್ದಲ್ಲ.
ಉ) ಕುಳಿತು ಕೆಲಸ ಮಾಡುವವರು ಅರ್ಧ ಗಂಟೆಗೊಮ್ಮೆ ಎದ್ದು ಒಂದೆರಡು ನಿಮಿಷ ಓಡಾಡುವುದು.

5. ಆರು ವಾರ ಮೀರಿದ ನೋವು

ಈ ಹಂತದಲ್ಲಿ ಮುಖ್ಯ ಚಿಕಿತ್ಸೆಯೆಂದರೆ ಫಿಸಿಯೋಥೆರಪಿ ತಜ್ಞರ ಮಾರ್ಗದರ್ಶನದಲ್ಲಿ ಕ್ರಮೇಣ ಹೆಚ್ಚಿಸುವ ವ್ಯಾಯಾಮ. ಹೆಗಲ ಹಲಗೆಗಳನ್ನು ಹಿಂದಕ್ಕೆ ಕೂಡಿಸಿ 5 ಸೆಕೆಂಡು ಹಿಡಿದು ಬಿಡುವುದು, ಗದ್ದವನ್ನು ಹಿಂದಕ್ಕೆ ಎಳೆದುಕೊಳ್ಳುವುದು, ಕೈ ಮತ್ತು ಮಂಡಿಯ ಮೇಲೆ ನಿಂತು ಬೆನ್ನನ್ನು ಮೇಲಕ್ಕೂ ಕೆಳಕ್ಕೂ ಬಾಗಿಸುವುದು, ಇವು ಸಾಮಾನ್ಯವಾಗಿ ಸೂಚಿಸಲ್ಪಡುವ ಆರಂಭಿಕ ವ್ಯಾಯಾಮಗಳು. ಮಾಲೀಶು, ಶಾಖ ಹಾಗೂ ವಿದ್ಯುತ್ ಉಪಕರಣಗಳ ಚಿಕಿತ್ಸೆಯಿಂದ ತಾತ್ಕಾಲಿಕ ಉಪಶಮನ ದೊರೆಯಬಹುದು. ಆದರೆ ಇವು ವ್ಯಾಯಾಮಕ್ಕೆ ಬದಲಿಯಲ್ಲ.

ವ್ಯಾಯಾಮದ ಸಮಯದಲ್ಲಿ ಅಲ್ಪ ನೋವು ಬಂದು ಮರುದಿನದೊಳಗೆ ಶಮನವಾದಲ್ಲಿ ಹೆದರಬೇಕಾಗಿಲ್ಲ. ಮರುದಿನವೂ ನೋವು ಹೆಚ್ಚಾಗಿಯೇ ಇದ್ದಲ್ಲಿ ಪ್ರಮಾಣವನ್ನು ತಗ್ಗಿಸುವುದು. ವ್ಯಾಯಾಮಶಾಲೆಗೆ ಮರಳುವವರು ಹಿಂದೆ ಎತ್ತುತ್ತಿದ್ದ ಭಾರದ ಅರ್ಧಕ್ಕಿಂತಲೂ ಕಡಿಮೆಯಿಂದ ಪ್ರಾರಂಭಿಸಿ, ವಾರಗಳ ಅಂತರದಲ್ಲಿ ಸ್ವಲ್ಪ ಸ್ವಲ್ಪವೇ ಏರಿಸುವುದು ಸೂಕ್ತ.

ಎಂ.ಆರ್.ಐ. ಸ್ಕ್ಯಾನ್ ಎಲ್ಲರಿಗೂ ಅಗತ್ಯವಿಲ್ಲ. ಯಾವ ನೋವೂ ಇಲ್ಲದವರ ಸ್ಕ್ಯಾನ್‌ನಲ್ಲಿಯೂ ಡಿಸ್ಕ್ ಸವೆತದಂತಹ ಬದಲಾವಣೆಗಳು ಕಂಡುಬರುವುದುಂಟು. ಆದ್ದರಿಂದ ವರದಿಯಲ್ಲಿನ ಒಂದು ಪದವನ್ನು ಓದಿ ಗಾಬರಿಯಾಗಬಾರದು. ಕಂಡಿಕೆ 3 ರ ಲಕ್ಷಣಗಳಿದ್ದಲ್ಲಿ ಅಥವಾ ನರದ ತೊಂದರೆಯ ಸೂಚನೆ ಇದ್ದಲ್ಲಿ ಸ್ಕ್ಯಾನ್ ಅಗತ್ಯವೇ ಎಂಬುದನ್ನು ವೈದ್ಯರು ನಿರ್ಧರಿಸುತ್ತಾರೆ.

6. ಸರ್ಕಾರಿ ಸೇವೆಗಳನ್ನು ಪಡೆಯುವ ವಿಧಾನ

ಅ) ಪ್ರಥಮ ಹಂತದಲ್ಲಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ನಮ್ಮ ಕ್ಲಿನಿಕ್‌ನ ವೈದ್ಯರನ್ನು ಕಾಣುವುದು. ಇ-ಸಂಜೀವಿನಿ ಸೇವೆಯ ಮೂಲಕ ದೂರವಾಣಿ ಅಥವಾ ಗಣಕಯಂತ್ರದಲ್ಲಿಯೂ ಸಲಹೆ ಪಡೆಯಬಹುದು. ಆದರೆ ಕಂಡಿಕೆ 3 ರ ಲಕ್ಷಣಗಳಿರುವವರು ಖುದ್ದಾಗಿ ಹಾಜರಾಗತಕ್ಕದ್ದು.
ಆ) ಅಗತ್ಯವಿದ್ದಲ್ಲಿ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಮೂಳೆ ರೋಗ ತಜ್ಞರಿಗೆ ಶಿಫಾರಸು ಮಾಡಲಾಗುತ್ತದೆ. ಬೆಂಗಳೂರಿನಲ್ಲಿ ಸಂಜಯ್ ಗಾಂಧಿ ಅಪಘಾತ ಮತ್ತು ಮೂಳೆ ಚಿಕಿತ್ಸಾ ಸಂಸ್ಥೆಯು ಈ ಕ್ಷೇತ್ರದ ಸರ್ಕಾರಿ ಸ್ವಾಯತ್ತ ಸಂಸ್ಥೆಯಾಗಿದೆ.
ಇ) 2018 ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ವಾರ್ಷಿಕ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆ ಲಭ್ಯವಿದೆ. ಇತರ ಕುಟುಂಬಗಳಿಗೆ ಪ್ಯಾಕೇಜ್ ದರದ ಶೇ. 30 ರಷ್ಟನ್ನು ವಾರ್ಷಿಕ 1.5 ಲಕ್ಷ ರೂಪಾಯಿಗಳ ಮಿತಿಗೆ ಒಳಪಟ್ಟು ಭರಿಸಲಾಗುತ್ತದೆ. ತುರ್ತು ಪ್ರಕರಣಗಳನ್ನು ಹೊರತುಪಡಿಸಿ, ಖಾಸಗಿ ಆಸ್ಪತ್ರೆಗೆ ದಾಖಲಾಗುವ ಮುನ್ನ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಪಡೆದಿರತಕ್ಕದ್ದು.

ಜೊತೆಯಲ್ಲಿ ತರಬೇಕಾದ ದಾಖಲೆಗಳು: ಆಧಾರ್ ಕಾರ್ಡ್, ಪಡಿತರ ಚೀಟಿ, ಹಿಂದಿನ ಹೊರರೋಗಿ ಚೀಟಿಗಳು, ಎಕ್ಸ್-ರೇ ಹಾಗೂ ರಕ್ತ ಪರೀಕ್ಷಾ ವರದಿಗಳು, ಸೇವಿಸುತ್ತಿರುವ ಔಷಧಿಗಳ ಪಟ್ಟಿ.

7. ದಾಖಲೆ, ಪ್ರಮಾಣ ಪತ್ರ ಮತ್ತು ದೂರು

ಮೊದಲ ಭೇಟಿಯಲ್ಲಿಯೇ ಗಾಯವಾದ ದಿನಾಂಕ, ಸ್ಥಳ ಮತ್ತು ಸಂದರ್ಭವನ್ನು ವೈದ್ಯರಿಗೆ ತಿಳಿಸಿ ಹೊರರೋಗಿ ಚೀಟಿಯಲ್ಲಿ ನಮೂದಾಗುವಂತೆ ನೋಡಿಕೊಳ್ಳುವುದು. ರಜೆ, ವಿಮೆ ಅಥವಾ ಪರಿಹಾರ ಕೋರುವಾಗ ಈ ನಮೂದು ಮುಖ್ಯ ಆಧಾರವಾಗುತ್ತದೆ.

ವೈದ್ಯಕೀಯ ಪ್ರಮಾಣ ಪತ್ರವನ್ನು ಚಿಕಿತ್ಸೆಯ ಅವಧಿಯಲ್ಲಿಯೇ ಪಡೆಯತಕ್ಕದ್ದು. ಪರೀಕ್ಷೆ ಮಾಡದ ಅವಧಿಗೆ ಪ್ರಮಾಣ ಪತ್ರ ನೀಡುವಂತೆ ಒತ್ತಾಯಿಸಬಾರದು. 2002 ರ ವೈದ್ಯಕೀಯ ವೃತ್ತಿ ನಡವಳಿಕೆ ನಿಯಮಾವಳಿಯ ಪ್ರಕಾರ, ಒಳರೋಗಿಯಾಗಿದ್ದವರು ತಮ್ಮ ವೈದ್ಯಕೀಯ ದಾಖಲೆಗಳನ್ನು ಕೋರಿದಲ್ಲಿ 72 ಗಂಟೆಗಳೊಳಗೆ ಒದಗಿಸಬೇಕಾಗುತ್ತದೆ.

ಕೆಟ್ಟ ಉಪಕರಣ ಅಥವಾ ತರಬೇತುದಾರರ ನಿರ್ಲಕ್ಷ್ಯದಿಂದ ಗಾಯವಾಗಿದ್ದಲ್ಲಿ, ಗ್ರಾಹಕ ಸಂರಕ್ಷಣಾ ಅಧಿನಿಯಮ, 2019 ರಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷಗಳೊಳಗೆ ದೂರು ಸಲ್ಲಿಸಬಹುದು. ದೂರುದಾರರು ವಾಸಿಸುವ ಜಿಲ್ಲೆಯಲ್ಲಿಯೇ ಸಲ್ಲಿಸಲು ಅವಕಾಶವಿದೆ. ಸದಸ್ಯತ್ವದ ರಸೀದಿ, ಉಪಕರಣದ ಛಾಯಾಚಿತ್ರ ಮತ್ತು ಚಿಕಿತ್ಸೆಯ ದಾಖಲೆಗಳನ್ನು ಲಗತ್ತಿಸುವುದು. ಮಾರ್ಗದರ್ಶನಕ್ಕಾಗಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಅನ್ನು ಸಂಪರ್ಕಿಸಬಹುದು.

8. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನೋವು ಪೂರ್ಣ ಹೋಗುವವರೆಗೆ ವ್ಯಾಯಾಮ ನಿಲ್ಲಿಸಬೇಕೇ?
ಉತ್ತರ: ಅಗತ್ಯವಿಲ್ಲ. ಗಾಯಕ್ಕೆ ಕಾರಣವಾದ ವ್ಯಾಯಾಮವನ್ನು ಮಾತ್ರ ತಾತ್ಕಾಲಿಕವಾಗಿ ಬಿಟ್ಟು, ಇತರ ಹಗುರ ವ್ಯಾಯಾಮಗಳನ್ನು ಮುಂದುವರಿಸಬಹುದು.

ಪ್ರಶ್ನೆ: ಹೊರರೋಗಿ ತಪಾಸಣೆ ಹಾಗೂ ಫಿಸಿಯೋಥೆರಪಿಗೆ ಆರೋಗ್ಯ ಕಾರ್ಡ್ ಸಾಕೇ?
ಉತ್ತರ: ಸದರಿ ಯೋಜನೆಯು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾಗಿ ಪಡೆಯುವ ಚಿಕಿತ್ಸೆಗಳಿಗೆ ಅನ್ವಯಿಸುತ್ತದೆ. ಹೊರರೋಗಿ ಸೇವೆಯನ್ನು ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಪಡೆಯುವುದು.

ಪ್ರಶ್ನೆ: ನೋವಿನಿಂದ ನಿದ್ರೆ ಕೆಟ್ಟು ಮನಸ್ಸು ಕುಗ್ಗಿದ್ದಲ್ಲಿ ಏನು ಮಾಡಬೇಕು?
ಉತ್ತರ: ಇದನ್ನೂ ವೈದ್ಯರಿಗೆ ತಿಳಿಸುವುದು. ಟೆಲಿ ಮಾನಸ್ ಸಹಾಯವಾಣಿ 14416 ರಲ್ಲಿ ಉಚಿತ ಸಲಹೆ ಲಭ್ಯವಿದೆ.

ಸೂಚನೆ: ಈ ಮಾಹಿತಿಯು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ ಇದ್ದು, ವೈದ್ಯರ ಪರೀಕ್ಷೆಗೆ ಪರ್ಯಾಯವಲ್ಲ.