ಲಾರಿ ಇಲ್ಲದ ದಾರಿ: ಆಲ್ಪ್ಸ್ ಕಣಿವೆಯಿಂದ ಆನೆಗೊಂದಿಯವರೆಗೆ

ಹಿಟ್ನಾಳದ ಬಳಿ ಹೆದ್ದಾರಿಯ ಪಕ್ಕದಲ್ಲಿ ಹತ್ತು ನಿಮಿಷ ನಿಂತರೆ ಸಾಕು, ಈ ಕಾಲದ ರಸ್ತೆ ಯಾರಿಗಾಗಿ ಇದೆ ಎಂಬುದು ತಿಳಿದುಬಿಡುತ್ತದೆ. ಹೊಸಪೇಟೆ ಕಡೆಯಿಂದ ತುಂಗಭದ್ರೆಯನ್ನು ದಾಟಿ ಬರುವ ಲಾರಿಗಳು ಕೊಪ್ಪಳದತ್ತ, ಕುಷ್ಟಗಿಯತ್ತ ಕವಲೊಡೆಯುತ್ತವೆ. ಗಿಣಿಗೇರಿ, ಬೇವಿನಹಳ್ಳಿ ಸುತ್ತಲಿನ ಕಬ್ಬಿಣದ ಕಾರ್ಖಾನೆಗಳಿಗೆ ಹೋಗುವವು ಕೆಲವು, ಗಂಗಾವತಿಯ ಅಕ್ಕಿ ಹೊತ್ತವು ಕೆಲವು, ಸೊಲ್ಲಾಪುರದವರೆಗೂ ನಿಲ್ಲದೆ ಓಡುವವು ಮತ್ತೆ ಕೆಲವು. ಇವುಗಳ ನಡುವೆ, ರಸ್ತೆಯ ಬಿಳಿ ಗೆರೆಗೂ ಮಣ್ಣಿಗೂ ಮಧ್ಯೆ ಉಳಿದ ಒಂದು ಮೊಳ ಜಾಗದಲ್ಲಿ, ಕ್ಯಾರಿಯರಿಗೆ ಬುತ್ತಿ ಕಟ್ಟಿಕೊಂಡವನೊಬ್ಬ ಸೈಕಲ್ ತುಳಿಯುತ್ತಿರುತ್ತಾನೆ. ಪ್ರತಿ ಲಾರಿ ದಾಟುವಾಗಲೂ ಅವನ ಹ್ಯಾಂಡಲ್ ಒಮ್ಮೆ ನಡುಗುತ್ತದೆ.

ಇದೇ ಸೈಕಲ್ಲನ್ನು ತುಳಿಯಲೆಂದೇ ಯುರೋಪಿನಲ್ಲಿ ಜನ ರಜೆ ಹಾಕಿ, ಹಣ ಕೊಟ್ಟು ಆಲ್ಪ್ಸ್ ಪರ್ವತದ ಕಣಿವೆಗಳಿಗೆ ಹೋಗುತ್ತಾರೆ. ವಾರಗಟ್ಟಲೆ ಊರಿಂದ ಊರಿಗೆ ಸಾಗುತ್ತಾರೆ. ಹಿಮ ಹೊದ್ದ ಶಿಖರಗಳು ಎರಡೂ ಬದಿಗೆ, ಕೆಳಗೆ ಸೇಬಿನ ತೋಟ, ದ್ರಾಕ್ಷಿ ತೋಟ, ವೈನ್ ತಯಾರಿಸುವ ಹಳ್ಳಿಗಳು. ವಿಶೇಷವೆಂದರೆ ದಾರಿಯ ಬಹುಭಾಗ ಮೋಟಾರು ವಾಹನಗಳ ಕಾಟವೇ ಇರುವುದಿಲ್ಲ. ಇಂಥ ದಾರಿಗಳು ಎಲ್ಲಿಂದ ಬಂದವು? ಸೈಕಲ್ ಸವಾರರ ಮೇಲಿನ ಪ್ರೀತಿಯಿಂದ ಯಾರಾದರೂ ಹೊಸದಾಗಿ ಕಡಿದರೇ? ಬಹುಪಾಲು ಹಾಗೇನಿಲ್ಲ. ನೀರಿಗಾಗಿ ಮತ್ತು ರೈಲಿಗಾಗಿ ಮಾಡಿದ ದಾರಿಗಳು ಕೆಲಸ ಮುಗಿಸಿ ಕುಳಿತಿದ್ದವು. ಸೈಕಲ್ಲು ಅಲ್ಲಿಗೆ ಹೋಗಿ ಸೇರಿಕೊಂಡಿತು.

ಸೈಕಲ್ ಪ್ರವಾಸವೆಂಬ ಹವ್ಯಾಸ ಮೋಟಾರು ಕಾರಿಗಿಂತ ಹಳೆಯದು. ಥಾಮಸ್ ಸ್ಟೀವನ್ಸ್ ಎಂಬಾತ ದೊಡ್ಡ ಮುಂಗಾಲಿಯ ಸೈಕಲ್ ಏರಿ 1884ರಿಂದ 1886ರವರೆಗೆ ಪ್ರಪಂಚ ಸುತ್ತಿದ. ದಾರಿಯಲ್ಲಿ ಉತ್ತರ ಭಾರತವನ್ನೂ ಹಾದ. ಅಮೆರಿಕದ ದಂಪತಿ ಫ್ಯಾನಿ ಬುಲಕ್ ವರ್ಕ್‌ಮನ್ ಮತ್ತು ವಿಲಿಯಂ ಹಂಟರ್ ವರ್ಕ್‌ಮನ್ 1890ರ ದಶಕದ ಕೊನೆಯಲ್ಲಿ ಭಾರತದ ದೇವಾಲಯಗಳನ್ನು ನೋಡುತ್ತ ಸಾವಿರಾರು ಮೈಲಿ ಸೈಕಲ್ ತುಳಿದು, 1904ರಲ್ಲಿ ಆ ಅನುಭವದ ಪುಸ್ತಕ ಪ್ರಕಟಿಸಿದರು. ಆಗ ವಾಹನರಹಿತ ದಾರಿಯನ್ನು ಹುಡುಕಬೇಕಾದ ಅಗತ್ಯವೇ ಇರಲಿಲ್ಲ, ಎಲ್ಲ ದಾರಿಯೂ ವಾಹನರಹಿತವೇ. ಎತ್ತಿನ ಗಾಡಿ ಬಂದರೆ ಬಂತು. ಕಾರು, ಲಾರಿಗಳು ರಸ್ತೆಯನ್ನು ಆಕ್ರಮಿಸಿಕೊಂಡ ಮೇಲೆಯೇ ಸೈಕಲ್ಲು ಬೇರೆ ದಾರಿ ನೋಡಿಕೊಳ್ಳಬೇಕಾಯಿತು.

ಆಲ್ಪ್ಸ್‌ನ ಒಂದೇ ಒಂದು ಕಣಿವೆಯನ್ನು ತೆಗೆದುಕೊಳ್ಳೋಣ. ಇಟಲಿಯ ಉತ್ತರ ತುದಿಯಲ್ಲಿ ದಕ್ಷಿಣ ಟಿರೋಲ್ ಎಂಬ ಪ್ರಾಂತವಿದೆ. ಮೊದಲ ಮಹಾಯುದ್ಧದವರೆಗೆ ಅದು ಆಸ್ಟ್ರಿಯಾದ ಭಾಗ. ಗಡಿ ಬದಲಾದರೂ ಜನರ ಮಾತು ಹೆಚ್ಚಾಗಿ ಜರ್ಮನ್ನೇ ಉಳಿದಿದೆ. ಗಡಿನಾಡ ಕನ್ನಡಿಗರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಇಲ್ಲಿನ ರೆಶೆನ್ ಎಂಬ ಕಣಿವೆದಾರಿಯ ಬಳಿ ಅಡಿಜೆ ನದಿ ಹುಟ್ಟುತ್ತದೆ. ಸೈಕಲ್ ದಾರಿಯೂ ಅಲ್ಲಿಂದಲೇ ನದಿಯ ಜೊತೆ ಇಳಿಯುತ್ತ ಮೆರಾನೊ, ಬೊಲ್ಜಾನೊ ಪಟ್ಟಣಗಳನ್ನು ಮುಟ್ಟುತ್ತದೆ. ಎರಡು ಸಾವಿರ ವರ್ಷಗಳ ಹಿಂದೆ ರೋಮನ್ನರು ಕಟ್ಟಿದ ಕ್ಲಾಡಿಯಾ ಅಗಸ್ಟಾ ರಸ್ತೆಯ ಜಾಡು ಇದೇ.

ದಾರಿಯ ಆರಂಭದಲ್ಲೇ ಒಂದು ಕೆರೆ. ಅದರ ನಡುವೆ ನೀರಿನಿಂದ ಮೇಲೆದ್ದ ಒಂದು ಚರ್ಚಿನ ಗೋಪುರ. ಹದಿನಾಲ್ಕನೆಯ ಶತಮಾನದ್ದು. ವಿದ್ಯುತ್ತಿಗಾಗಿ ಅಣೆಕಟ್ಟು ಕಟ್ಟಿ 1950ರಲ್ಲಿ ನೀರು ನಿಲ್ಲಿಸಿದಾಗ ಗ್ರೌನ್ ಎಂಬ ಊರು ಮುಳುಗಿತು. ಗೋಪುರ ಮಾತ್ರ ಉಳಿಯಿತು. ಇಂದು ಸೈಕಲ್ ಸವಾರರು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ತುಂಗಭದ್ರಾ ಜಲಾಶಯ ತುಂಬಿದ್ದು ಅದರ ಮೂರು ವರ್ಷದ ನಂತರ. ಇಲ್ಲಿಯೂ ಹತ್ತಾರು ಹಳ್ಳಿಗಳು ಮುಳುಗಿದವು. ನಮ್ಮಲ್ಲಿ ಫೋಟೊ ತೆಗೆಸಿಕೊಳ್ಳಲು ಅಂಥ ಗೋಪುರವಿಲ್ಲ, ಅಷ್ಟೇ.

ಗ್ರೌನ್ ದಾಟಿ ಕೆಳಗಿಳಿದರೆ ವಿನ್ಶ್‌ಗೌ ಕಣಿವೆ. ಮಳೆ ಕಡಿಮೆ ಬೀಳುವ ಪ್ರದೇಶ. ಆದ್ದರಿಂದ ಅಲ್ಲಿನ ರೈತರು ಮಧ್ಯಯುಗದಿಂದಲೂ ಬೆಟ್ಟದ ತೊರೆಗಳಿಂದ ಸಣ್ಣ ಕಾಲುವೆ ತೆಗೆದು ಹೊಲಗಳಿಗೆ ನೀರು ತಂದರು. ಈ ಕಾಲುವೆಗೆ ವಾಲ್ ಎಂದು ಹೆಸರು. ಕಾಲುವೆ ನೋಡಿಕೊಳ್ಳುವವನು ವಾಲರ್. ಎಲ್ಲಿ ಎಲೆ ಕಟ್ಟಿಕೊಂಡಿದೆ, ಎಲ್ಲಿ ದಂಡೆ ಒಡೆದಿದೆ, ಯಾರ ಸರದಿ ಯಾವಾಗ ಎಂದು ನೋಡುತ್ತ ದಿನವೂ ನಡೆಯುವವನು. ನಮ್ಮ ನೀರಗಂಟಿಯೇ. ಅವನು ನಡೆದೂ ನಡೆದೂ ಆದ ಕಾಲುದಾರಿಗಳೇ ಈಗ ಪ್ರವಾಸಿಗರ ನಡಿಗೆಯ ಹಾದಿಗಳಾಗಿವೆ. ಕಣಿವೆಯ ತಳದಲ್ಲಿ ನದಿಯ ಪ್ರವಾಹ ತಡೆಯಲು ಕಟ್ಟಿದ ಒಡ್ಡುಗಳ ಮೇಲೆ, ತೋಟಗಳ ನಡುವಿನ ದಾರಿಗಳ ಮೇಲೆ ಸೈಕಲ್ಲುಗಳು.

ಬೊಲ್ಜಾನೊದಿಂದ ಕಾಲ್ಟರ್ನ್ ಎಂಬ ವೈನ್ ಹಳ್ಳಿಗೆ ಹೋಗುವ ಸೈಕಲ್ ದಾರಿಯ ಕಥೆ ಇನ್ನೂ ಸ್ವಾರಸ್ಯದ್ದು. ಅಲ್ಲಿಗೆ 1898ರಲ್ಲಿ ರೈಲು ಬಂತು. ವೈನ್ ಪೀಪಾಯಿಗಳೂ ಜನರೂ ಅದರಲ್ಲೇ ಓಡಾಡಿದರು. ಬಸ್ಸು, ಕಾರುಗಳು ಬಂದ ಮೇಲೆ 1963ರಲ್ಲಿ ಪ್ರಯಾಣಿಕರ ಸಂಚಾರ, 1971ರಲ್ಲಿ ಸರಕು ಸಾಗಣೆ ನಿಂತುಹೋದವು. ಹಳಿ ಹೋಯಿತು, ಹಳಿಯ ಹಾಸು ಉಳಿಯಿತು. ಇಂದು ಅದರ ಮೇಲೆ ಸೈಕಲ್ಲು. ಅದೇ ಪ್ರಾಂತದ ಮೆರಾನೊ–ಮಾಲ್ಸ್ ರೈಲುಮಾರ್ಗ 1990ರ ಸುಮಾರಿಗೆ ನಿಂತದ್ದು 2005ರಲ್ಲಿ ಮತ್ತೆ ಆರಂಭವಾಯಿತು. ಸೈಕಲ್ಲನ್ನು ರೈಲಿಗೆ ಹಾಕಿ ಮೇಲಕ್ಕೆ ಹೋಗುವುದು, ನದಿಯ ಜೊತೆ ಇಳಿದು ಬರುವುದು: ಸೋಮಾರಿಗಳಿಗೂ ಸಾಧ್ಯವಾಗುವ ಸಾಹಸ!

ನೀರು ಮತ್ತು ರೈಲು ಎರಡಕ್ಕೂ ಏರು ಆಗದು ಎಂಬುದೇ ಇಲ್ಲಿನ ಗುಟ್ಟು. ಕಾಲುವೆ ಮೈಲಿಗೆ ಕೆಲವೇ ಅಂಗುಲ ಇಳಿಯುತ್ತದೆ. ಹೆಚ್ಚು ಇಳಿದರೆ ನೀರು ದಂಡೆಯನ್ನೇ ಕೊಚ್ಚಿಬಿಡುತ್ತದೆ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಜಾರುವುದರಿಂದ ರೈಲುಮಾರ್ಗದ ಏರೂ ನಯವಾಗಿಯೇ ಇರಬೇಕು. ಹತ್ತು ವರ್ಷದ ಹುಡುಗಿಯೂ ಎಪ್ಪತ್ತರ ಅಜ್ಜನೂ ತುಳಿಯಬಲ್ಲ ಇಳಿಜಾರು ಎಂದರೆ ಅದೇ. ಆಸ್ಟ್ರಿಯಾದ ಡಾನ್ಯೂಬ್ ದಂಡೆಯ ಪ್ರಸಿದ್ಧ ಸೈಕಲ್ ದಾರಿಯೂ ಹೀಗೆಯೇ: ಪ್ರವಾಹಕ್ಕೆದುರಾಗಿ ದೋಣಿಗಳನ್ನು ಎಳೆಯಲು ಕುದುರೆಗಳು ನಡೆಯುತ್ತಿದ್ದ ಹಾದಿ ಅದು. ಉಗಿಹಡಗು ಬಂದು ಕುದುರೆಗಳು ಹೋದವು. ವಾಹಾವ್ ಕಣಿವೆಯ ದ್ರಾಕ್ಷಿ ಹಳ್ಳಿಗಳ ನಡುವೆ ಸಾಗುವ ಆ ಹಾದಿ ಉಳಿಯಿತು.

ಈಗ ಹಿಟ್ನಾಳಕ್ಕೆ ಹಿಂತಿರುಗೋಣ. ಹೆದ್ದಾರಿ ಬಿಟ್ಟು ಹುಲಿಗಿ, ಶಿವಪುರದ ಕಡೆ ಹೊರಳಿದರೆ ಲಾರಿಯ ಸದ್ದು ಹಿಂದೆ ಉಳಿದು ನೀರಿನ ಸದ್ದು ಶುರುವಾಗುತ್ತದೆ. ತುಂಗಭದ್ರೆಯ ಎಡದಂಡೆಯಲ್ಲಿ ಎರಡು ಕಾಲದ ಕಾಲುವೆಗಳಿವೆ. ಹುಲಿಗಿ, ಶಿವಪುರ, ಆನೆಗೊಂದಿ, ಗಂಗಾವತಿಯ ಕಾಲುವೆಗಳು ವಿಜಯನಗರ ಅರಸರ ಕಾಲದವು. ನದಿಗೆ ಅಡ್ಡಲಾಗಿ ಕಲ್ಲಿನ ಅಣೆ ಕಟ್ಟಿ, ಬಂಡೆಗಳ ಬುಡ ಬಳಸಿ ತಂದ ನೀರು ಇಂದಿಗೂ ಭತ್ತ, ಬಾಳೆ ಬೆಳೆಸುತ್ತಿದೆ. ರಾಜಧಾನಿ ಹಾಳಾಯಿತು, ಕಾಲುವೆ ಹಾಳಾಗಲಿಲ್ಲ. ಇನ್ನೊಂದು, ಮುನಿರಾಬಾದಿನಲ್ಲಿ ಜಲಾಶಯದಿಂದ ಹೊರಟು ರಾಯಚೂರು ಜಿಲ್ಲೆಯವರೆಗೆ 227 ಕಿ.ಮೀ. ಹರಿಯುವ ಎಡದಂಡೆ ಮುಖ್ಯ ಕಾಲುವೆ. ಕಾಲುವೆ ನೋಡಿಕೊಳ್ಳುವ ಎಂಜಿನಿಯರರ ಜೀಪಿಗೆಂದು ಅದರ ಪಕ್ಕ ತಪಾಸಣೆ ರಸ್ತೆ. ಏರಿಲ್ಲ, ಇಳಿವಿಲ್ಲ. ಕುರಿ ಹಿಂಡು, ಟ್ರ್ಯಾಕ್ಟರ್, ಗದ್ದೆಗೆ ಹೊರಟ ಕೂಲಿಯವರು, ಸೈಕಲ್ಲು. ಆಲ್ಪ್ಸ್‌ನಲ್ಲಿ ಹಣ ಸುರಿದು ಸಿದ್ಧಪಡಿಸಿದ ಆ ದಾರಿಯ ಕಚ್ಚಾ ರೂಪ ಇಲ್ಲಿ ಬಿದ್ದಿದೆ ಎಂದು ಹೇಳಿದರೆ ಉತ್ಪ್ರೇಕ್ಷೆಯಾಗದು. ದಂಡೆಗೆ ತಡೆಗೋಡೆ ಇಲ್ಲ, ಮಳೆ ಬಂದರೆ ಎರೆಮಣ್ಣು ಗಾಲಿಗೆ ಮೆತ್ತಿಕೊಳ್ಳುತ್ತದೆ, ಬೇಸಿಗೆಯಲ್ಲಿ ನೆರಳಿಲ್ಲ ಎಂಬುದೂ ಅಷ್ಟೇ ನಿಜ.

ವೈನ್ ಹಳ್ಳಿಗಳು? ದ್ರಾಕ್ಷಿ ಈ ನೆಲಕ್ಕೆ ಹೊಸದೇನಲ್ಲ. 1520ರ ಸುಮಾರಿಗೆ ವಿಜಯನಗರ ಕಂಡ ಪೋರ್ಚುಗೀಸ್ ವರ್ತಕ ದೊಮಿಂಗೊ ಪಾಯಸ್ ಪೇಟೆಯ ದರಗಳನ್ನು ಬರೆದಿಟ್ಟಿದ್ದಾನೆ: ಒಂದು ಪಣಕ್ಕೆ ಮೂರು ಗೊಂಚಲು ದ್ರಾಕ್ಷಿ, ಹತ್ತು ದಾಳಿಂಬೆ. ಕೊಪ್ಪಳ ಜಿಲ್ಲೆಯ ರೈತರು ಇಂದಿಗೂ ಎರಡನ್ನೂ ಬೆಳೆಯುತ್ತಾರೆ. ರಾಜ್ಯ ಸರ್ಕಾರ 2007ರಲ್ಲಿ ದ್ರಾಕ್ಷಿ–ವೈನ್ ನೀತಿ ತಂದ ಮೇಲೆ ಹಂಪಿ ಹಿಲ್ಸ್ ಎಂಬ ಹೆಸರು ಹೊತ್ತ ವೈನೂ ಈ ಜಿಲ್ಲೆಯ ದ್ರಾಕ್ಷಿಯಿಂದ ಬಂದಿದೆ. ಆದರೆ ದ್ರಾಕ್ಷಿ ತೋಟಗಳಿರುವುದು ಮೇಲಿನ ಒಣ ಭೂಮಿಯಲ್ಲಿ, ಕಾಲುವೆ ಹರಿಯುವುದು ಕೆಳಗಿನ ಗದ್ದೆಗಳಲ್ಲಿ. ಇಲ್ಲಿನ ಸೈಕಲ್ ಸವಾರನಿಗೆ ಸಿಗುವುದು ಭತ್ತದ ವಾಸನೆ, ಎಳನೀರು, ಮಿರ್ಚಿ ಮಂಡಾಳು. ಅದೇನೂ ಕಡಿಮೆಯಲ್ಲ.

ಪಾಯಸ್ ಇನ್ನೊಂದು ಸಂಗತಿಯನ್ನೂ ಗಮನಿಸಿದ್ದ. ಆನೆಗೊಂದಿಗೆ ಹೋಗುವವರು ಬುಟ್ಟಿಯಂತೆ ದುಂಡಗಿರುವ, ಹೊರಗೆ ಚರ್ಮ ಹೊದಿಸಿದ ದೋಣಿಗಳಲ್ಲಿ ನದಿ ದಾಟುತ್ತಾರೆ. ಒಂದೊಂದರಲ್ಲಿ ಹದಿನೈದು ಇಪ್ಪತ್ತು ಜನ. ನಮ್ಮ ಹರಿಗೋಲು. ವಿಠ್ಠಲ ದೇವಾಲಯದ ಕೆಳಗೆ ವಿಜಯನಗರ ಕಾಲದ ಕಲ್ಲುಸೇತುವೆಯ ಕಂಬಗಳು ಇನ್ನೂ ನದಿಯಲ್ಲಿ ನಿಂತಿವೆ, ಮೇಲಿನ ಹಾಸು ಎಂದೋ ಹೋಗಿದೆ. ನಂತರದ ಶತಮಾನಗಳಲ್ಲಿ ಅಲ್ಲಿ ಇನ್ನೊಂದು ಸೇತುವೆ ಏಳಲಿಲ್ಲ. 1800ರಲ್ಲಿ ಬಳ್ಳಾರಿ ಸೀಮೆಯನ್ನು ನಿಜಾಮ ಇಂಗ್ಲಿಷರಿಗೆ ಬಿಟ್ಟುಕೊಟ್ಟ ಮೇಲೆ ದಕ್ಷಿಣ ದಂಡೆ ಮದರಾಸಿನದು, ಉತ್ತರ ದಂಡೆ ಹೈದರಾಬಾದಿನದು. ಒಂದೇ ಅಣೆಕಟ್ಟಿಗೆ 1945ರ ಫೆಬ್ರುವರಿ 28ರಂದು ಎರಡೂ ದಂಡೆಗಳಲ್ಲಿ ಬೇರೆ ಬೇರೆ ಶಂಕುಸ್ಥಾಪನೆ ನಡೆದದ್ದು ಇದೇ ಕಾರಣಕ್ಕೆ. 1956ರಲ್ಲಿ ಎರಡೂ ದಂಡೆಗಳು ಒಂದೇ ರಾಜ್ಯಕ್ಕೆ ಸೇರಿದವು. ಆದರೂ ಹಂಪಿಯಿಂದ ಆನೆಗೊಂದಿಗೆ ಹರಿಗೋಲಿನಲ್ಲಿ ಕೆಲವೇ ನಿಮಿಷ, ರಸ್ತೆಯಲ್ಲಿ ಸುತ್ತು ಬಳಸಿದರೆ ಸುಮಾರು 40 ಕಿ.ಮೀ. ಎಂಬ ಸ್ಥಿತಿ ಬಹುಕಾಲ ಮುಂದುವರಿಯಿತು.

ಉತ್ತರ ದಂಡೆಯ ಆ ಹೆಸರಾಂತ ಪ್ರಶಾಂತತೆ ಹುಟ್ಟಿದ್ದು ಇಲ್ಲಿ. ಸಣಾಪುರ, ಹನುಮನಹಳ್ಳಿ, ಆನೆಗೊಂದಿಯ ದಾರಿಯಲ್ಲಿ ಬಾಡಿಗೆ ಸೈಕಲ್ ಏರಿ ಬಂಡೆಗಳ ನಡುವೆ ಗದ್ದೆ ನೋಡುತ್ತ ಹೋಗುವ ವಿದೇಶಿಯರಿಗೆ ಅದು ಸ್ವರ್ಗದಂತೆ ಕಂಡಿತು. ಆ ಸ್ವರ್ಗವನ್ನು ಯಾರೂ ಯೋಜಿಸಿ ಮಾಡಿರಲಿಲ್ಲ. ಸೇತುವೆ ಇಲ್ಲದ್ದರಿಂದ ಅದು ತಾನಾಗಿ ಆಗಿತ್ತು. ಹೆರಿಗೆಯ ನೋವು ತಿನ್ನುವ ಹೆಣ್ಣುಮಗಳಿಗೆ, ಬಾಳೆಗೊನೆ ಮಾರಬೇಕಾದ ರೈತನಿಗೆ ಅದೇ ಶಾಂತಿ ನದಿ ತುಂಬಿ ಹರಿಗೋಲು ನಿಂತ ದಿನ ಬೇರೆಯಾಗಿ ಕಾಣುತ್ತದೆ.

ತಳವಾರಘಟ್ಟದ ಬಳಿ ವಾಹನಗಳಿಗೊಂದು ತೂಗುಸೇತುವೆ, ವಿರೂಪಾಪುರಗಡ್ಡೆಗೆ ಕಾಲುಸೇತುವೆಯೊಂದು 1990ರ ದಶಕದಲ್ಲಿ ಏಳತೊಡಗಿದವು. ಹಂಪಿ 1986ರಲ್ಲೇ ವಿಶ್ವ ಪರಂಪರೆಯ ತಾಣವೆನಿಸಿತ್ತು. ಸ್ಮಾರಕಗಳ ನಡುವೆ ಭಾರೀ ವಾಹನಗಳು ನುಗ್ಗುತ್ತವೆ ಎಂಬ ಆತಂಕದಿಂದ ಯುನೆಸ್ಕೊ 1999ರಲ್ಲಿ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. ಕಾಲುಸೇತುವೆಯನ್ನು ಕಳಚಲಾಯಿತು. ಹಂಪಿಗೆ ಪ್ರತ್ಯೇಕ ನಿರ್ವಹಣಾ ಪ್ರಾಧಿಕಾರ ಬಂತು. 2006ರಲ್ಲಿ ಆ ಪಟ್ಟಿಯಿಂದ ಹಂಪಿ ಹೊರಬಂತು. ಆನೆಗೊಂದಿ ಸೇತುವೆಯ ಕೆಲಸ ನಿಂತು, ಮತ್ತೆ ಶುರುವಾಗಿ, ಇನ್ನೇನು ಮುಗಿಯಿತು ಎನ್ನುವಾಗ 2009ರ ಜನವರಿಯಲ್ಲಿ ಅದು ಕುಸಿದುಬಿತ್ತು. ಕಾರ್ಮಿಕರು ಸತ್ತರು. ಈಗ ಸ್ಮಾರಕಗಳಿಂದ ದೂರದಲ್ಲಿ, ಬುಕ್ಕಸಾಗರ–ಕಡೇಬಾಗಿಲು ನಡುವೆ ಸೇತುವೆ ಆಗಿದೆ. ಮೊದಲೇ ಅಲ್ಲಿ ಕಟ್ಟಬಹುದಿತ್ತಲ್ಲ ಎಂದು ಅನ್ನಿಸದೆ ಇರದು.

ಹಂಪಿಯನ್ನು ಕಾಪಾಡಬೇಕೆಂದವರು ತಪ್ಪು ಹೇಳಲಿಲ್ಲ. ವಿಠ್ಠಲ ದೇವಾಲಯದ ಮುಂದೆ ಈಗ ಬ್ಯಾಟರಿ ವಾಹನಗಳಷ್ಟೇ ಓಡುವುದನ್ನು ನೋಡಿದರೆ ಅದು ಒಪ್ಪಿಗೆಯಾಗುತ್ತದೆ. ಆದರೆ ಟಿರೋಲಿನಲ್ಲಿ ಮೊದಲು ರೈಲು ಬಂತು, ರಸ್ತೆ ಬಂತು, ಬೊಲ್ಜಾನೊದ ಪಕ್ಕದಲ್ಲೇ ಲಾರಿಗಳು ಸಾಲುಗಟ್ಟುವ ಬ್ರೆನ್ನರ್ ಹೆದ್ದಾರಿ ಬಂತು. ಆಮೇಲೆ ಮೌನದ ದಾರಿ ಬೇರೆಯಾಗಿ ಬಂತು. ಕಾಲ್ಟರ್ನ್‌ನ ದ್ರಾಕ್ಷಿ ಬೆಳೆಗಾರನಿಗೆ ಪೇಟೆಗೆ ಹೋಗಲು ರಸ್ತೆ ಇತ್ತು, ಸೈಕಲ್ ದಾರಿ ಅದರ ಜೊತೆಗೆ ಸಿಕ್ಕಿತು. ಆನೆಗೊಂದಿಯಲ್ಲಿ ರಸ್ತೆಯ ಬದಲಿಗೆ ಮೌನವಿರಲಿ ಎಂದಂತಾಯಿತು. ಪ್ರವಾಸೋದ್ಯಮದ ಯೋಜನೆ ಬರೆಯುವವರು ಈ ವ್ಯತ್ಯಾಸವನ್ನು ಅಷ್ಟಾಗಿ ಗಮನಿಸಿದಂತಿಲ್ಲ.

ಸರ್ಕಾರಿ ಪ್ರೌಢಶಾಲೆಯ ಎಂಟನೆಯ ತರಗತಿಯ ಮಕ್ಕಳಿಗೆ ರಾಜ್ಯ ಸರ್ಕಾರ 2006–07ರಿಂದ ಉಚಿತ ಸೈಕಲ್ ಕೊಟ್ಟಿತು. ಕೋವಿಡ್ ಬಂದ ಮೇಲೆ ವಿತರಣೆ ನಿಂತಿತು. ಅಷ್ಟರಲ್ಲಿ ಒಂದು ತಲೆಮಾರಿನ ಹುಡುಗಿಯರು ಪಕ್ಕದ ಊರಿನ ಶಾಲೆಗೆ ಅದರ ಮೇಲೆಯೇ ಹೋಗಿ ಬಂದಿದ್ದರು. ಅವರಿಗೆ ಸೈಕಲ್ಲು ಸಿಕ್ಕಿತು, ಅದನ್ನು ತುಳಿಯಲು ದಾರಿಯನ್ನು ಯಾರೂ ಕೊಡಲಿಲ್ಲ. ವಿಜಯನಗರ ಕಾಲುವೆಗಳ ಆಧುನೀಕರಣದ ಕಾಮಗಾರಿ ಈಚಿನ ವರ್ಷಗಳಲ್ಲಿ ನಡೆದಿದೆ. ಕಾಂಕ್ರೀಟ್ ಹಾಸು, ಹೊಸ ತೂಬು, ಕೆಲವೆಡೆ ದಂಡೆಯ ದುರಸ್ತಿ. ಜೀಪು ಹೋಗುವಷ್ಟು ಅಗಲದ ದಂಡೆಯಲ್ಲಿ ಸೈಕಲ್ಲಿಗೆ ಎರಡು ಮೊಳ ಗಟ್ಟಿ ನೆಲ, ನೀರಿನ ಬದಿಗೊಂದು ಕಟ್ಟೆ, ಅಲ್ಲಲ್ಲಿ ಹೊಂಗೆ, ಬೇವಿನ ಗಿಡ: ಇಷ್ಟಕ್ಕೆ ಹೊಸ ಭೂಮಿಯೂ ಬೇಕಿಲ್ಲ. ಹುಲಿಗಿಯಿಂದ ಆನೆಗೊಂದಿಯವರೆಗೆ ಅಂಥ ದಾರಿಯಾದರೆ ಡಿಸೆಂಬರಿನಲ್ಲಿ ಪ್ರವಾಸಿಗರು ಬರುತ್ತಾರೆ. ಜೂನ್‌ನಿಂದ ಏಪ್ರಿಲ್‌ವರೆಗೆ ಬೆಳಿಗ್ಗೆ ಒಂಬತ್ತಕ್ಕೆ, ಸಂಜೆ ಐದಕ್ಕೆ ಶಾಲೆಯ ಮಕ್ಕಳು ಇರುತ್ತಾರೆ.